ಸೋಂಕಿಗೊಂದು ವ್ಯಾಖ್ಯೆ

ಮನುಷ್ಯನಾದವನಿಗೆ ಹೆಮ್ಮೆಪಡಲು ಏನಾದರೊಂದು ಬೇಕು. ರಾಜಾಜಿನಗರದಲ್ಲಿ ಆಗ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಹಾಗಾಗಿ ನಮ್ಮ ಬೀದಿಯವರ ಹೆಮ್ಮೆಯೆಲ್ಲ ಅವರವರ ಹೊಸ ಮನೆಯದು. ಒಬ್ಬರಿಗೆ ಕೆಂಪು ಗಾರೆಯ ನೆಲ, ಇನ್ನೊಬ್ಬರಿಗೆ ಬಾವಿಯ ಸಿಹಿನೀರು. ಬಾಡಿಗೆ ಮನೆಯಲ್ಲಿದ್ದ ನನಗೆ ನೆಲವೂ ನನ್ನದಲ್ಲ, ನೀರೂ ನನ್ನದಲ್ಲ. ನನ್ನದು ಎಂದು ಹೇಳಿಕೊಳ್ಳಲು ಇದ್ದದ್ದು ವ್ಯಾಖ್ಯೆಗಳು ಮಾತ್ರ. ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಇಂಗ್ಲಿಷಿನಲ್ಲಿದ್ದ ಜೀವಶಾಸ್ತ್ರದ ಪದಗಳಿಗೆ ಕನ್ನಡದಲ್ಲಿ ವ್ಯಾಖ್ಯೆ ಕಟ್ಟಿ ಹುಡುಗರಿಗೆ ಹೇಳುತ್ತಿದ್ದೆ. ಅವರು ಅದನ್ನು ಮಗ್ಗಿಯಂತೆ ಒಪ್ಪಿಸುವಾಗ ಕೋಟಿನ ಗುಂಡಿ ಬಿಗಿಯಾದಂತಾಗುತ್ತಿತ್ತು.

ಈ ಚಟ ಶಾಲೆಯ ಗೇಟಿನೊಳಗೇ ಉಳಿದಿದ್ದರೆ ನನ್ನ ಸಂಸಾರ ಇನ್ನೂ ಸುಖವಾಗಿರುತ್ತಿತ್ತು. ಒಮ್ಮೆ ಊಟದ ಹೊತ್ತಿನಲ್ಲಿ, 'ಪರೋಪಜೀವಿ ಎಂದರೆ ಇನ್ನೊಂದು ಜೀವಿಯ ಆಶ್ರಯದಲ್ಲಿದ್ದು, ಅದರ ಆಹಾರವನ್ನೇ ಉಂಡು, ಪ್ರತಿಯಾಗಿ ಏನನ್ನೂ ಕೊಡದ ಜೀವಿ' ಎಂದು ಹೊಸದಾಗಿ ಕಟ್ಟಿದ್ದನ್ನು ರಾಗವಾಗಿ ಹೇಳಿದೆ. ಕೆಲಸ ಹುಡುಕುವ ನೆಪದಲ್ಲಿ ಬಂದು ಯುಗಾದಿಯಿಂದ ದೀಪಾವಳಿವರೆಗೂ ನಮ್ಮಲ್ಲೇ ಇದ್ದ ಭಾವಮೈದುನ ಪಕ್ಕದಲ್ಲೇ ಕೂತಿದ್ದಾನೆಂಬುದು ನನ್ನ ಗಮನದಲ್ಲಿರಲಿಲ್ಲ. ಅವನು ಇನ್ನೊಂದು ಸಲ ಹುಳಿ ಬಡಿಸಿಕೊಂಡ. ನನ್ನ ಹೆಂಡತಿ ಕಮಲ ಮಾತ್ರ ನನಗೆ ಮಜ್ಜಿಗೆಯನ್ನೇ ಹಾಕಲಿಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ ಕುರುಬರಹಳ್ಳಿಯ ಚಿಕ್ಕಣ್ಣ ಬಂದ. ನಮಗೆ ಹಾಲು ಹಾಕುತ್ತಿದ್ದ ರೈತ, ಬಾಗಿಲಲ್ಲೇ ಲೋಕದ ಸಮಾಚಾರವನ್ನೆಲ್ಲ ಹೇಳಿಹೋಗುವ ಮನುಷ್ಯ. ಅವತ್ತು ಜಗುಲಿಯ ಮೇಲೆ ಕುಸಿದು ಕೂತ.

"ಏನಾಯ್ತು ಚಿಕ್ಕಣ್ಣ?" ಎಂದೆ.

"ನನ್ನ ಮಗಳು ಜಯಮ್ಮನ ಮದುವೆ ನಿಂತೋಯ್ತದೆ ಮೇಷ್ಟ್ರೇ. ಅವಳಿಗೆ ಕ್ಷಯ ಅಂತವ್ರೆ."

ಆದದ್ದು ಇಷ್ಟು. ಕ್ಷಯ ತಡೆಯುವ ಲಸಿಕೆ ಹಾಕುವವರು ಆ ದಿನಗಳಲ್ಲಿ ಊರೂರು ಸುತ್ತುತ್ತಿದ್ದರು. ಮೊದಲು ಮುಂಗೈಗೆ ಸಣ್ಣದೊಂದು ಸೂಜಿ ಚುಚ್ಚಿ, ಎರಡು ಮೂರು ದಿನ ಬಿಟ್ಟು ಬಂದು ನೋಡುವರು. ಚುಚ್ಚಿದ ಜಾಗ ಊದದಿದ್ದವರಿಗೆ ಲಸಿಕೆ. ಊದಿದ್ದರೆ ಆ ರೋಗಾಣುವಿನ ಪರಿಚಯ ಮೈಗೆ ಆಗಲೇ ಆಗಿದೆ ಎಂದರ್ಥ. ಅಂಥವರಿಗೆ ಲಸಿಕೆ ಬೇಡ. ಕುರುಬರಹಳ್ಳಿಯಲ್ಲಿ ದೊಡ್ಡವರೆಲ್ಲ ಸೂಜಿಗೆ ಹೆದರಿ ಹೊಲದ ಕಡೆ ಹೋಗಿಬಿಟ್ಟಿದ್ದರಿಂದ ಸಿಕ್ಕಿದವರು ಮಕ್ಕಳು ಮತ್ತು ಜಯಮ್ಮ. ಮಕ್ಕಳ ಕೈ ಊದಲಿಲ್ಲ, ಜಯಮ್ಮನದು ಊದಿತು. "ನಿನಗೆ ಬೇಡಮ್ಮ, ಹೋಗು" ಎಂದು ಅವಳನ್ನು ಕಳಿಸಿದರು. ಔಷಧಿ ಹಾಕಿದರೂ ಪ್ರಯೋಜನವಿಲ್ಲದ ಸ್ಥಿತಿ ಎಂದು ಊರು ಅದಕ್ಕೆ ಅರ್ಥ ಹಚ್ಚಿತು. ಆ ಅರ್ಥ ಗಂಡಿನ ಊರಾದ ಮಾರೇನಹಳ್ಳಿಗೆ ಅವತ್ತೇ ತಲುಪಿತು. ಚಿಕ್ಕಣ್ಣ ಮಗಳನ್ನು ಡಾಕ್ಟರಿಗೂ ತೋರಿಸಿದ್ದ. ಎದೆಯ ಚಿತ್ರ ತೆಗೆಸಿ, ಏನೂ ಇಲ್ಲ ಎಂದು ಅವರು ಹೇಳಿದ್ದರೂ ಗಂಡಿನವರು ಕೇಳಿದ್ದು ಒಂದೇ ಪ್ರಶ್ನೆ: "ಏನೂ ಇಲ್ದಿದ್ರೆ ಕೈ ಯಾಕೆ ಊದ್ತು?"

ನಾನು ಚಿಕ್ಕಣ್ಣನ ಮನೆಗೆ ಹೋದೆ. ಜಯಮ್ಮ ಹಟ್ಟಿಯ ಕಂಬಕ್ಕೊರಗಿ ನಿಂತಿದ್ದಳು. "ಕೆಮ್ಮೂ ಇಲ್ಲ, ಜ್ವರಾನೂ ಇಲ್ಲ ಮೇಷ್ಟ್ರೇ. ಆದ್ರೂ ನಮ್ಮನೇಲಿರೋ ಸೋದರತ್ತೆ ನಂಗೆ ಬೇರೆ ತಟ್ಟೆ ಇಟ್ಟವ್ರೆ" ಎಂದಳು. ಆ ತಟ್ಟೆ ಗೋಡೆಯ ಮೂಲೆಯಲ್ಲಿ ಒಂಟಿಯಾಗಿ ಬೋರಲು ಬಿದ್ದಿತ್ತು. ಅದನ್ನು ಕಂಡು ಮರುಕವಾಯಿತು. ಮರುಕದ ಹಿಂದೆಯೇ, ಮುಚ್ಚುಮರೆಯೇಕೆ, ಹುಮ್ಮಸ್ಸೂ ಬಂತು. ಇದು ಕೇವಲ ಒಂದು ವ್ಯಾಖ್ಯೆ ತಪ್ಪಿದ್ದರಿಂದ ಆದ ಅನಾಹುತ! ಅದನ್ನು ಸರಿಪಡಿಸಲು ನನಗಿಂತ ಯೋಗ್ಯ ಇನ್ಯಾರು?

ಭಾನುವಾರ ಕೋಟು ತೊಟ್ಟು ಚಿಕ್ಕಣ್ಣನ ಜೊತೆ ಮಾರೇನಹಳ್ಳಿಗೆ ಹೊರಟೆ. ಗಂಡಿನ ತಂದೆ ತಿಮ್ಮೇಗೌಡರು ಚಾಪೆ ಹಾಸಿಸಿ ಕೂರಿಸಿದರು. ಅವರ ತಾಯಿ ಗೌರಜ್ಜಿ ಎಲೆಯಡಿಕೆ ಕುಟ್ಟುತ್ತ ನನ್ನನ್ನೇ ನೋಡುತ್ತಿದ್ದರು. ನಾನು ಗಂಟಲು ಸರಿಮಾಡಿಕೊಂಡು ಹೇಳಿದೆ: "ರೋಗಾಣುಗಳು ದೇಹವನ್ನು ಪ್ರವೇಶಿಸಿಯೂ ರೋಗಲಕ್ಷಣಗಳನ್ನು ಪ್ರಕಟಿಸದೆ ಸುಪ್ತವಾಗಿರುವುದು ಸೋಂಕು. ಅವು ಪ್ರಬಲಿಸಿ ಅಂಗಾಂಗಗಳನ್ನು ಕೆಡಿಸಿದರೆ ಮಾತ್ರ ಅದು ರೋಗ. ಹುಡುಗಿಗೆ ಇರುವುದು ಸೋಂಕು, ರೋಗವಲ್ಲ."

ಎಂಥ ವಾಕ್ಯ! ಇವತ್ತಿಗೂ ಅದರಲ್ಲಿ ಒಂದಕ್ಷರ ತಿದ್ದುವಂತಿಲ್ಲ.

ಅಜ್ಜಿ ಕುಟ್ಟುವುದನ್ನು ನಿಲ್ಲಿಸಿದರು. "ಕೇಳುದ್ಯೇನ್ಲಾ ತಿಮ್ಮ? ಹುಳ ಒಳಗೈತೆ ಅಂತ ಮೇಷ್ಟ್ರೇ ಒಪ್ಕೊಂಡ್ರು" ಎಂದರು.

ಚಿಕ್ಕಣ್ಣ ನನ್ನ ಕಡೆ ನೋಡಿದ ನೋಟವನ್ನು ನಾನು ವರ್ಣಿಸಲಾರೆ. ಇದ್ದ ಅರೆಬರೆ ಆಸೆಯನ್ನೂ ನಾನು ಕೋಟು ಹಾಕಿಕೊಂಡು ಬಂದು ಮುಗಿಸಿದ್ದೆ. ಮತ್ತೊಂದು ವ್ಯಾಖ್ಯೆ ಬಾಯಿಗೆ ಬರಲಿಲ್ಲ. ಬಂದದ್ದು ಪಂಥ. "ಅಜ್ಜೀ, ಈ ಊರಿಗೂ ನಾಳೆಯೇ ಸೂಜಿಯವರು ಬರ್ತಾರೆ. ನೀವೂ ಕೈ ಕೊಡಿ, ಮಗ ಮೊಮ್ಮಗನೂ ಕೊಡಲಿ. ನಾನೂ ಬಂದು ನಿಮ್ಮ ಪಕ್ಕದಲ್ಲೇ ಚುಚ್ಚಿಸ್ಕೊಳ್ತೀನಿ. ನಿಮ್ಮ ಕೈ ಯಾವುದೂ ಊದದೇ ಇದ್ರೆ ಸಂಬಂಧ ಬಿಟ್ಬಿಡಿ."

"ನಂಗೇನು ಭಯವಾ? ಬರ್ಲಿ" ಎಂದರು ಅಜ್ಜಿ.

ನಮ್ಮ ಊರುಗಳಲ್ಲಿ ದೊಡ್ಡವರಾದ ಬಹುಪಾಲು ಜನರ ಕೈ ಊದುತ್ತದೆಂದು ಪುಸ್ತಕದಲ್ಲಿ ಓದಿದ್ದೆ. ಆದರೆ ಪುಸ್ತಕ ಬರೆದವರು ಗೌರಜ್ಜಿಯನ್ನು ಕಂಡಿದ್ದರೇ? ಸೂಜಿ ಚುಚ್ಚಿದ ಮೇಲೆ ಕಾಯಬೇಕಾಗಿ ಬಂದ ದಿನಗಳಲ್ಲಿ ನನ್ನ ಅವಸ್ಥೆ ಯಾರಿಗೂ ಬೇಡ. ಕಪ್ಪೆಯ ಹೃದಯಕ್ಕೆ ಮೂರು ಕೋಣೆ. ನಾನು ತರಗತಿಯಲ್ಲಿ ನಾಲ್ಕು ಎಂದುಬಿಟ್ಟೆ. "ಪಂಥ ಕಟ್ಟೋಕೆ ನಿಮಗೆ ಇನ್ನೊಬ್ಬರ ಮಗಳ ಮದುವೆಯೇ ಬೇಕಿತ್ತೇನ್ರೀ?" ಎಂದು ಕಮಲ ಬೇರೆ ಕೇಳಿದಳು.

ನೋಡುವ ದಿನ ಮಾರೇನಹಳ್ಳಿಯ ಅರಳಿಕಟ್ಟೆಯ ಬಳಿ ಜನ ಸೇರಿತ್ತು. ಮದುವೆಗಂಡು ಅಂಗಿಯ ತೋಳು ಮಡಿಸಿ ಕೈ ಚಾಚಿದ. ಕೆಂಪಗೆ ಊದಿತ್ತು. ತಿಮ್ಮೇಗೌಡರದೂ ಊದಿತ್ತು. ಗೌರಜ್ಜಿಯ ಕೈಯ ಮೇಲಂತೂ ಯಾರೋ ಕಡುಬು ಇಟ್ಟಂತಿತ್ತು. "ನಿಮಗೆ ಬೇಡಜ್ಜಿ, ಹೋಗಿ" ಎಂದ ಲಸಿಕೆಯವನು.

ಅಜ್ಜಿ ಅಲ್ಲಿಂದ ಕದಲಲಿಲ್ಲ. ಮೊದಲು ತಮ್ಮ ಕೈ ನೋಡಿಕೊಂಡರು, ಆಮೇಲೆ ಮಗನದು, ಮೊಮ್ಮಗನದು. "ಈ ವಯಸ್ಸಲ್ಲೂ ನಾನು ಕಳೆ ಕೀಳ್ತೀನಿ. ನಂಗೆ ಕ್ಷಯ ಅಂತ ಯಾವನಾದ್ರೂ ಅಂದ್ರೆ ನಾಲಿಗೆ ಕಿತ್ತಾಕ್ತೀನಿ!" ಎಂದು ಸುತ್ತಲಿದ್ದವರಿಗೆಲ್ಲ ಕೇಳುವಂತೆ ಹೇಳಿ, ಚಿಕ್ಕಣ್ಣನ ಕಡೆ ತಿರುಗಿದರು. "ನಂಗಿಲ್ಲ ಅಂದ್ಮೇಲೆ ನಿನ್ನ ಮಗಳಿಗೂ ಇಲ್ಲ. ಲಗ್ನ ಗೊತ್ತು ಮಾಡು, ಹೋಗು." ಚಿಕ್ಕಣ್ಣ ಟವೆಲ್ಲಿನಿಂದ ಮುಖ ಮುಚ್ಚಿಕೊಂಡು ಅತ್ತೇಬಿಟ್ಟ. ನನ್ನ ಕಣ್ಣೂ ಮಂಜಾಯಿತು. ವಿಜ್ಞಾನ ಗೆದ್ದಿತೆಂದು ಎದೆಯುಬ್ಬಿಸಿಕೊಂಡು ಕೋಟಿನ ತೋಳು ಮೇಲಕ್ಕೆಳೆದು ನನ್ನ ಕೈ ಚಾಚಿದೆ.

ನನ್ನ ಕೈ ನುಣ್ಣಗಿತ್ತು. ಚುಚ್ಚಿದ ಗುರುತೂ ಇರಲಿಲ್ಲ. ಲಸಿಕೆಯವನು ಬೆಳಕಿಗೆ ಹಿಡಿದು ನೋಡಿದ, ಬೆರಳಿನಿಂದ ಸವರಿದ. "ಸಾರ್, ನೀವು ಆ ಸಾಲಿಗೆ ಹೋಗಿ" ಎಂದ. ಆ ಸಾಲಿನಲ್ಲಿದ್ದವರೆಲ್ಲ ನನ್ನ ಸೊಂಟದೆತ್ತರದ ಮಕ್ಕಳು. ನನ್ನ ಮುಂದಿದ್ದ ಪುಟ್ಟ ಹುಡುಗಿಯೊಬ್ಬಳು ಹಿಂತಿರುಗಿ, "ಅಳಬ್ಯಾಡಿ, ನೋಯಕ್ಕಿಲ್ಲ" ಎಂದು ಧೈರ್ಯ ಹೇಳಿದಳು. ಸ್ವಲ್ಪ ನೋಯಿತು.

ಮದುವೆ ಚೆನ್ನಾಗಿ ಆಯಿತು. ಜಯಮ್ಮ ಗಂಡನ ಜೊತೆ ಒಂದೇ ಎಲೆಯಲ್ಲಿ ಉಂಡದ್ದನ್ನು ಕಣ್ಣಾರೆ ಕಂಡೆ. ನನ್ನನ್ನು ಬೀಗರ ಪಂಕ್ತಿಯಲ್ಲೇ ಕೂರಿಸಿದ್ದರು. ಈ ಮದುವೆಯ ಹಿಂದೆ ಒಂದು ಶುದ್ಧವಾದ ವ್ಯಾಖ್ಯೆಯಿದೆ ಎಂದು ಪಕ್ಕದವರಿಗೆ ವಿವರಿಸುತ್ತಿರುವಾಗ ಗೌರಜ್ಜಿ ಒಬ್ಬಟ್ಟಿನ ತಟ್ಟೆಯೊಂದಿಗೆ ಬಂದರು. ಹಿಂದಿದ್ದ ಹೆಂಗಸರಿಗೆ ನನ್ನನ್ನು ತೋರಿಸಿ, "ಇವ್ರೇ ಕಣ್ರವ್ವ ಆ ಮೇಷ್ಟ್ರು. ನಮ್ದೆಲ್ಲಾರ್ದೂ ಹಂಗೆ ಊದ್ತು, ಪಾಪ, ಇವ್ರದು ಮಾತ್ರ ಊದ್ಲೇ ಇಲ್ಲ. ಏಟು ಓದುದ್ರೇನು, ಮೈಯಾಗೆ ಕಸುವು ಬ್ಯಾಡ್ವಾ?" ಎಂದು ನಾಲ್ಕು ಒಬ್ಬಟ್ಟು ಬಡಿಸಿ ಮೇಲೆ ತುಪ್ಪ ಸುರಿದರು. ಕೈ ಊದದಿರುವುದರ ನಿಜವಾದ ಅರ್ಥವೇನೆಂದು ಹೇಳಲು ಬಾಯಿ ತೆರೆದೆ. ಅಜ್ಜಿ ಐದನೆಯದನ್ನು ಅಲ್ಲಿಗೇ ಇಟ್ಟುಬಿಟ್ಟರು.