ಒಂದು ಮಲ್ಲಮ್ಮ ಎತ್ತರ

ಇದೆಲ್ಲ ಹೀಗೇ ನಡೆಯಿತೆಂದು ನಾನು ಆಣೆ ಮಾಡಲಾರೆ. ವಿಶ್ವವಿದ್ಯಾಲಯದಲ್ಲಿ ನನಗೆ ಚೆನ್ನಾಗಿ ಕಲಿಸಿದ್ದು ಅನುಮಾನಪಡುವುದೊಂದನ್ನೇ; ಈಗ ಅದು ನನ್ನ ನೆನಪಿನ ಮೇಲೇ ತಿರುಗಿಬಿದ್ದಿದೆ. ಆದರೆ ನನ್ನ ಸೋದರಮಾವನಷ್ಟು ನಿರುಪಯೋಗಿ ಮನುಷ್ಯ ಹೈದರಾಬಾದಿನಲ್ಲಿ ಇನ್ನೊಬ್ಬನಿರಲಿಲ್ಲ, ಅದರಲ್ಲಿ ಅನುಮಾನವಿಲ್ಲ!

ಬಾಲಾನಗರದ ಕಾರ್ಖಾನೆಯಲ್ಲಿ ನಕ್ಷೆ ಬರೆದು ನಿವೃತ್ತನಾದವನು ಮನೆಯಲ್ಲಿ ಪೇಪರ್ ಓದಿಕೊಂಡಿರಬಾರದೆ? ಊರಿಗೆ ಊರೇ ಕಂಪ್ಯೂಟರ್ ಕೋರ್ಸಿಗೆ ಮುಗಿಬಿದ್ದಿದ್ದಾಗ ಈತ ಮಿಯಾಪುರದ ಶಾಲೆಯೊಂದಕ್ಕೆ ಹೋಗಿ, ಕಟ್ಟಡದ ಕೂಲಿಗೆ ಬಂದ ಕಲಬುರಗಿ ಕಡೆಯವರ ಮಕ್ಕಳಿಗೆ ನಗರ ಯೋಜನೆ ಕಲಿಸತೊಡಗಿದ. ನಗರಕ್ಕೇ ಇಲ್ಲದ ಯೋಜನೆ ಆ ಮಕ್ಕಳಿಗೇಕೆ?

ಅವನ ಅಳತೆಗೋಲು ಮಲ್ಲಮ್ಮ, ತರಗತಿಯ ಅತಿ ಗಿಡ್ಡ ಹುಡುಗಿ. ಯಾವ ಕಟ್ಟಡ ಕಂಡರೂ ಅವಳನ್ನು ಗೋಡೆಗೆ ಆನಿಸಿ ನಿಲ್ಲಿಸುವುದು. ದೂರ ಹೋಗಿ, ಒಂದು ಕಣ್ಣು ಮುಚ್ಚಿ, ಪೆನ್ಸಿಲ್ ಹಿಡಿದು ಅಳೆಯುವುದು. "ಚಾರ್‌ಮಿನಾರ್ ಎಷ್ಟು ಮಲ್ಲಮ್ಮ ಐತಿ, ಹೇಳ್ರಿ?" ಉತ್ತರ ಪ್ರತಿ ಸಲವೂ ಬೇರೆ!

"ಮಾಮಾ, ಮೀಟರ್ ಅಂತ ಒಂದು ಕಂಡುಹಿಡದಾರ," ಎಂದೆ.

"ಬಾಗಿಲದಾಗ ಮೀಟರ್ ಹಾಯ್ತದೇನೋ ಅಳಿಯಾ? ಹಾಯಾವ ಮನಷ್ಯಾ."

ಒಮ್ಮೆ ಸುಲ್ತಾನ್ ಬಜಾರಿನ ನೂಕುನುಗ್ಗಲಿನ ನಡುವೆ ಮಕ್ಕಳ ಜೊತೆ ನನ್ನನ್ನೂ ನಿಲ್ಲಿಸಿ ಹಳೆಯ ಮರದ ಬಾಲ್ಕನಿ ತೋರಿಸಿದ. ಕೆಳಗಿನ ಸೀರೆ ಅಂಗಡಿಯವನು, ಅವನೂ ಕಲಬುರಗಿ ಕಡೆಯವನೇ, ಓಡಿಬಂದ. "ಸೀರಿ ಕೆಳಗ ಅದಾವ್ರಿ ಸಾಹೇಬ್ರ, ಮ್ಯಾಲೇನು ನೋಡಾಕತ್ತೀರಿ?"

"ನಿಮ್ಮ ಬೋರ್ಡ್ ತಗೀರಿ. ಬಾಲ್ಕನಿ ಮುಚ್ಚೈತಿ."

ನಮ್ಮನ್ನು ಅಲ್ಲಿಂದ ಅಟ್ಟಿದ್ದು ಮಾತ್ರ ನನಗೆ ಸ್ಪಷ್ಟವಾಗಿ ನೆನಪಿದೆ.

ಅಷ್ಟರಲ್ಲಿ ಗುಡಿಸಲುಗಳಿಗೂ ಶಾಲೆಗೂ ನಡುವೆ ಹೊಸ ಅಪಾರ್ಟ್‌ಮೆಂಟಿನ ಕಾಂಪೌಂಡ್ ಗೋಡೆ ಏಳತೊಡಗಿತು. ಕಾಲುದಾರಿ ಬಂದ್, ಹೆದ್ದಾರಿ ಸುತ್ತಿ ಬರಬೇಕು. ಅದೇ ಗೋಡೆಗೆ ಇಟ್ಟಿಗೆ ಹೊರುತ್ತಿದ್ದ ಮಲ್ಲಮ್ಮನ ಅವ್ವ ಹೇಳಿಯೇಬಿಟ್ಟಳು: "ನಾಳಿಂದ ಕಳಸಂಗಿಲ್ರಿ ಸರ. ಲಾರಿ ಭಾಳ."

ಮಾಮ ಸುಮ್ಮನಿರುತ್ತಾನೆಯೇ? ಇಡೀ ತರಗತಿಯನ್ನು ಬಿಲ್ಡರ್ ಮುಂದೆ ತಂದು ನಿಲ್ಲಿಸಿದ. ಮಲ್ಲಮ್ಮನನ್ನು ಗೋಡೆಗೆ ಆನಿಸಿದ. "ಇಲ್ಲೊಂದು ಬಾಗಿಲ ಬಿಡ್ರಿ. ಈಕಿ ಎತ್ತರ ಸಾಕು."

ಬೀದರ ಕಡೆಯ ಬಿಲ್ಡರ್ ನಕ್ಕ. "ಅರೇ ಸಾಬ್, ಇದ್ರಾಗ ಬೆಕ್ಕು ಹಾಯ್ತದ!"

"ಹಾಯ್ಲಿ. ಕಳ್ಳ ಹಾಯಂಗಿಲ್ಲ. ಹಾಂ, ತಲಿ ಮ್ಯಾಲ ಒಂದು ಗೇಣು ಜಾಸ್ತಿ ಬಿಡ್ರಿ. ಹುಡುಗಿ ಬೆಳೀತಾಳ."

ನಾಚಿಕೆಯಾಗಿ ನಾನು ಅಲ್ಲಿಂದ ಜಾರಿಕೊಂಡೆ. ಬಾಗಿಲು ಬಿಟ್ಟರೆಂದು ಮಾಮ ಸಾಯುವವರೆಗೂ ಹೇಳುತ್ತಿದ್ದ. ಚಾರ್‌ಮಿನಾರಿಗೆ ಸಲಕ್ಕೊಂದು ಎತ್ತರ ಹೇಳಿದವನ ಮಾತನ್ನು ಯಾರು ನಂಬುತ್ತಾರೆ?

ಮೊನ್ನೆ ಮೆಟ್ರೋ ಹತ್ತಿ ಮಿಯಾಪುರಕ್ಕೆ ಹೋಗಿದ್ದವನು ಅನುಮಾನ ತಡೆಯಲಾರದೆ ಹುಡುಕಿಕೊಂಡು ಹೋದೆ. ಗೋಡೆಯಲ್ಲಿ ಬಾಗಿಲಿದೆ. ಚೀಲ ಹೊತ್ತ ಪುಟ್ಟ ಹುಡುಗಿಯರು ಒಬ್ಬೊಬ್ಬರಾಗಿ ದಾಟಿ ಬಂದರು, ಯಾರೂ ತಲೆ ಬಗ್ಗಿಸಲಿಲ್ಲ. ಅವರಲ್ಲಿ ಅತಿ ಗಿಡ್ಡವಳು ದಾಟುವಾಗ ನಾನು ದೂರ ನಿಂತು, ಒಂದು ಕಣ್ಣು ಮುಚ್ಚಿ, ಪೆನ್ನು ಹಿಡಿದು ನೋಡಿದೆ. ಅವಳ ತಲೆಯ ಮೇಲೆ ಒಂದು ಗೇಣು ಜಾಗ ಉಳಿದಿತ್ತು.