ಫ್ರಿಜ್ಜಿನಲ್ಲಿ ಉಳಿದಿದ್ದ ರೀಲು

ಜಿಪುಣರಲ್ಲಿ ಹಲವು ಬಗೆ. ದುಡ್ಡು ಬಿಚ್ಚದವರನ್ನು ಊರೆಲ್ಲ ಗುರುತಿಸುತ್ತದೆ. ಬಡಿಸುವಾಗ ತುಪ್ಪದ ಚಮಚ ಓರೆ ಮಾಡುವವರನ್ನು ನೆಂಟರು ಗುರುತಿಸುತ್ತಾರೆ. ನನ್ನ ಜಿಪುಣತನ ಮಾತ್ರ ಯಾರ ಕಣ್ಣಿಗೂ ಬೀಳುವಂಥದ್ದಲ್ಲ ಎಂದು ಬಹಳ ವರ್ಷ ನಂಬಿದ್ದೆ. ನಾನು ಫೋಟೋ ರೀಲಿನ ಜಿಪುಣ. ಮಧುಗಿರಿಯ ಹೈಸ್ಕೂಲಿನಲ್ಲಿ ಮೇಷ್ಟ್ರಾದ ಹೊಸದರಲ್ಲಿ ಕ್ಯಾಮೆರಾ ಕೊಂಡೆ. ರೀಲಿಗೆ ಮೂವತ್ತಾರು ಫೋಟೋ. ಬೇರೆಯವರು ಒಂದು ನಾಮಕರಣಕ್ಕೆ ಮುಗಿಸುತ್ತಿದ್ದ ರೀಲನ್ನು ನಾನು ಯುಗಾದಿಯಿಂದ ಯುಗಾದಿಗೆ ಎಳೆಯುತ್ತಿದ್ದೆ. ಒಂದೇ ರೀಲಿನಲ್ಲಿ ನನ್ನ ಮಗಳು ತೊಟ್ಟಿಲಲ್ಲಿ ಮಲಗಿದ್ದೂ ಇದೆ, ಅಂಗಳದಲ್ಲಿ ಕೋಳಿ ಅಟ್ಟಿಸಿಕೊಂಡು ಓಡಿದ್ದೂ ಇದೆ.

ಹೀಗೆ ಉಳಿಸಿ ಉಳಿಸಿ, ಕೊನೆಗೆ ಒಂದು ಹೊಸ ರೀಲು ನಮ್ಮ ಫ್ರಿಜ್ಜಿನ ಬಾಗಿಲಲ್ಲಿ ಬೆಣ್ಣೆಯ ಪಕ್ಕ ವರ್ಷಗಟ್ಟಲೆ ಕೂತಿತ್ತು. ತಣ್ಣಗಿದ್ದರೆ ಕೆಡುವುದಿಲ್ಲ ಎಂದು ಯಾರೋ ಹೇಳಿದ್ದರು. ಹೆಂಡತಿ ಸರೋಜ ಹೋದ ತಿಂಗಳು ಫ್ರಿಜ್ಜು ತೊಳೆಯುವಾಗ, ಒಂದೋ ಇದನ್ನು ಕ್ಯಾಮೆರಾಕ್ಕೆ ಹಾಕಿ, ಇಲ್ಲವಾದರೆ ಸಾರಿಗೆ ಹಾಕುತ್ತೇನೆ ಎಂದಳು. ಇದನ್ನು ಖರ್ಚು ಮಾಡುವ ಮೊದಲು ಇನ್ನೊಂದು ಸಿಗುತ್ತದೋ ನೋಡೋಣವೆಂದು ಶಿರಾಕ್ಕೆ ಹೋದೆ. ಅಲ್ಲಿ ಖಾದರ್ ಸಾಬರ ಸ್ಟುಡಿಯೋ ಇದೆ. ನನ್ನ ರೀಲುಗಳನ್ನೆಲ್ಲ ತೊಳೆದುಕೊಟ್ಟವರು ಅವರೇ. ಈಗ ಅವರ ಕತ್ತಲೆ ಕೋಣೆಯಲ್ಲಿ ಟ್ಯೂಬ್‌ಲೈಟು ಹಾಕಿ ಜೆರಾಕ್ಸ್ ಮಿಷನ್ ಇಟ್ಟಿದ್ದಾರೆ. ನಮ್ಮ ದೇಶದ ರೀಲಿನ ಕಾರ್ಖಾನೆ ಮುಚ್ಚಿ ಬಹಳ ಕಾಲವಾಯಿತಂತೆ. ಹೊರದೇಶದಲ್ಲಿ ಒಂದೆರಡು ಇನ್ನೂ ಉಸಿರಾಡುತ್ತಿವೆಯಂತೆ. ಒಂದು ಸಲ ನಿಲ್ಲಿಸುತ್ತೇವೆ ಅನ್ನುತ್ತಾರಂತೆ, ಇನ್ನೊಂದು ಸಲ ಈಗಿನ ಹುಡುಗರು ಮತ್ತೆ ಕೇಳುತ್ತಿದ್ದಾರೆ, ನಡೆಸುತ್ತೇವೆ ಅನ್ನುತ್ತಾರಂತೆ. “ಮಾಡೋರಿಗೇ ನಾಳೆ ಏನು ಅಂತ ಗೊತ್ತಿಲ್ಲ ಮೇಷ್ಟ್ರೇ,” ಎಂದರು ಸಾಬರು. “ಯಾರಿಗೆ ಅಂತ ಇಟ್ಕೊಂಡಿದೀರೋ ಅವರ ಫೋಟೋ ತೆಗೆದುಬಿಡಿ.”

ಯಾರಿಗೆ ಎಂಬುದು ನನಗೆ ಗೊತ್ತಿತ್ತು. ಹೇಳಲು ನಾಚಿಕೆ, ಅಷ್ಟೆ. ದೊಡ್ಡೇರಿಯಲ್ಲಿ ನನ್ನ ಪುಟ್ಟಮ್ಮ ಚಿಕ್ಕಮ್ಮ ಇದ್ದಾಳೆ. ಚಿಕ್ಕಪ್ಪನ ಜೊತೆ ಕೂತು ಒಂದು ಫೋಟೋ ತೆಗೆಸಿಕೊಳ್ಳಬೇಕೆಂದು ಅವಳಿಗೆ ಬಹಳ ಆಸೆಯಿತ್ತು. ಚಿಕ್ಕಪ್ಪ ಕ್ಯಾಮೆರಾ ಕಂಡರೆ ಹೊಲದ ಕಡೆ ಹೊರಡುವ ಮನುಷ್ಯ. ಒಂದು ಸಂಕ್ರಾಂತಿಗೆ ಮಾತ್ರ, ಅದು ಹೇಗೆ ಒಪ್ಪಿದನೋ, ಮುಖ ತೊಳೆದು, ಅಂಗಿಯ ಗುಂಡಿ ಕತ್ತಿನವರೆಗೆ ಹಾಕಿ, ಜಗುಲಿಯ ಮೇಲೆ ಅವಳ ಪಕ್ಕ ಕೂತ. ನನ್ನ ರೀಲಿನಲ್ಲಿ ಎರಡೇ ಎರಡು ಉಳಿದಿದ್ದವು. ಅವನ್ನು ಮಧುಗಿರಿ ಬೆಟ್ಟದ ಮೇಲೆ ಮೋಡ ಇಳಿಯುವುದಕ್ಕೆಂದು ಎತ್ತಿಟ್ಟಿದ್ದೆ. ಫ್ಲಾಶಿನ ಹಿಂದೆ ಒಂದು ಪುಟ್ಟ ಗುಂಡಿ ಇರುತ್ತದೆ. ಅದನ್ನು ಒತ್ತಿದರೆ ಫೋಟೋ ಬೀಳುವುದಿಲ್ಲ, ಬೆಳಕು ಮಾತ್ರ ಬರುತ್ತದೆ. ನಾನು ಅದನ್ನು ಒತ್ತಿ, ಚೆನ್ನಾಗಿ ಬಂತು ಎಂದೆ. ಮೋಡ ಇಳಿದ ಬೆಟ್ಟದ ಫೋಟೋ ಆಮೇಲೆ ಬಂತು. ಕೆರೆಯಲ್ಲಿ ಮಲಗಿದ ಎಮ್ಮೆಯ ಬೆನ್ನಿನ ಹಾಗಿತ್ತು.

ಎರಡು ವರ್ಷಕ್ಕೆ ಚಿಕ್ಕಪ್ಪ ತೀರಿಕೊಂಡ. ಅವನದು ಬೇರೆ ಫೋಟೋ ಇರಲಿಲ್ಲ. ಚಿಕ್ಕಮ್ಮ ಕೇಳಿದಾಗ, ಶಿರಾದಲ್ಲಿ ತೊಳೆಯುವಾಗ ರೀಲಿಗೆ ಬೆಳಕು ಬಿದ್ದು ಹಾಳಾಯಿತು ಎಂದೆ. ಮುಂದೆಯೂ ಎಲ್ಲಾದರೂ ಸಿಕ್ಕಾಗ ನಮ್ಮ ಫೋಟೋ ಏನಾಯಿತಪ್ಪ ಎಂದು ಕೇಳುತ್ತಿದ್ದಳು. ನಾನು ಅದೇ ಸುಳ್ಳನ್ನು ಹೇಳುತ್ತಿದ್ದೆ.

ಶಿರಾಕ್ಕೆ ಹೋಗಿ ಬಂದ ಮುಂದಿನ ಭಾನುವಾರ ಆ ರೀಲು ಹಾಕಿಕೊಂಡು ದೊಡ್ಡೇರಿಗೆ ಹೋದೆ. ಚಿಕ್ಕಮ್ಮ ಜಗುಲಿಯ ಮೇಲೆ ಅವರೇಕಾಯಿ ಸುಲಿಯುತ್ತಿದ್ದಳು. ಕ್ಯಾಮೆರಾ ಎತ್ತಿದೆ. ಅವಳು ಸೆರಗು ಸರಿ ಮಾಡಿಕೊಂಡು ಕೇಳಿದಳು:

“ಈ ಸಲನಾದ್ರೂ ನಿಜವಾಗ್ಲೂ ತೆಗೀತೀಯೇನಪ್ಪ?”

ಕ್ಯಾಮೆರಾ ಇಳಿಸಿದೆ. ನಿನಗೆ ಗೊತ್ತಿತ್ತಾ ಎಂದೆ.

“ನಿಮ್ಮ ಚಿಕ್ಕಪ್ಪ ಅವತ್ತೇ ಅಂದ್ರು. ಬೆಳಕು ಬಂತು, ಟಕ್ ಅಂತ ಸದ್ದೇ ಬರ್ಲಿಲ್ಲ ಕಣೆ. ಬುಡು, ಕೇಳಿದ್ರೆ ಮೇಷ್ಟ್ರು ನಾಚ್ಕೊಂಡ್ಬುಡ್ತಾನೆ ಅಂತ.”

ಹಾಗಾದರೆ ಇಷ್ಟು ವರ್ಷ ಯಾಕೆ ಕೇಳುತ್ತಿದ್ದೆ ಎಂದರೆ, “ನೀನೇ ಹೇಳ್ತೀಯೇನೋ ಅಂತ ಕಣಪ್ಪ,” ಎಂದು ಮತ್ತೆ ಅವರೇಕಾಯಿಗೆ ಕೈ ಹಾಕಿದಳು.

ಮೂವತ್ತಾರನ್ನೂ ಅವಳ ಮೇಲೇ ಸುರಿದೆ. ಸುಲಿಯುವಾಗ, ನಗುವಾಗ, ಸಾಕು ನಿಲ್ಲಿಸೋ ಎಂದು ಕೈ ಅಡ್ಡ ಹಿಡಿದಾಗ. ರೀಲನ್ನು ಬೆಂಗಳೂರಿಗೆ ಕಳಿಸಲು ಖಾದರ್ ಸಾಬರ ಕೈಗೆ ಕೊಡುವಾಗ, ಅವರ ಮೇಲೆ ಹೊರಿಸಿದ್ದ ತಪ್ಪನ್ನೂ ಒಪ್ಪಿಕೊಂಡೆ. ಆ ಕಾಲದಲ್ಲಿ ಕೆಟ್ಟ ಫೋಟೋಗಳೆಲ್ಲ ಸ್ಟುಡಿಯೋದವನ ತಲೆಗೇ ಬರುತ್ತಿದ್ದವು, ನಿಮ್ಮದೂ ಒಂದು ಇರಲಿ ಎಂದರು. ರೀಲಿಗೆ ವಯಸ್ಸಾಗಿತ್ತು. ಹೆಚ್ಚಿನವು ರಾಗಿ ತೂರುವ ಕಣದಲ್ಲಿ ತೆಗೆದಂತೆ ಮಂಕಾಗಿ ಬಂದವು. ಒಂದು ಮಾತ್ರ ಚೆನ್ನಾಗಿದೆ. ಅದರಲ್ಲಿ ಚಿಕ್ಕಮ್ಮ ಜಗುಲಿಯ ಒಂದು ತುದಿಗೆ ಸರಿದು ಕೂತಿದ್ದಾಳೆ. ಪಕ್ಕದಲ್ಲಿ ಒಬ್ಬರು ಕೂರುವಷ್ಟು ಜಾಗ ಖಾಲಿ ಇದೆ. ತೆಗೆಯುವಾಗ ನಾನು ಗಮನಿಸಿರಲಿಲ್ಲ.

ನಿನ್ನೆ ಸಾಬರು ಫೋನ್ ಮಾಡಿದ್ದರು. ಯಾವುದೋ ಕಾರ್ಖಾನೆ ಮತ್ತೆ ಶುರುಮಾಡುತ್ತದಂತೆ, ಎಷ್ಟು ದಿನ ನಡೆಯುತ್ತದೋ ಗೊತ್ತಿಲ್ಲವಂತೆ. ನಿಮಗೆ ಎಷ್ಟು ರೀಲು ಹೇಳಲಿ ಎಂದರು. ಹುಮ್ಮಸ್ಸಿನಲ್ಲಿ ಹತ್ತು ಎಂದೆ. ಅಷ್ಟೊಂದು ಯಾರಿಗೆ ಮೇಷ್ಟ್ರೇ ಎಂದರು. ಚಿಕ್ಕಮ್ಮನ ಹಾಗೆಯೇ ಬರೀ ಬೆಳಕು ತೋರಿಸಿ ನಾನು ಸಾಗಹಾಕಿದ್ದವರನ್ನೆಲ್ಲ ಒಬ್ಬೊಬ್ಬರಾಗಿ ನೆನಪಿಸಿಕೊಂಡೆ. ಈಗ ಅವರಲ್ಲಿ ಬದುಕಿ ಉಳಿದಿರುವವರು ಇಬ್ಬರೋ ಮೂವರೋ. ಒಂದು ಸಾಕು ಸಾಬರೇ ಎಂದೆ. ನಿಮ್ಮ ಕೈ ಮತ್ತೆ ಬಿಗಿಯಾಯಿತು ಎಂದು ಅವರು ಜೋರಾಗಿ ನಕ್ಕರು. ನಾನು ತಿದ್ದಲು ಹೋಗಲಿಲ್ಲ.