ಎರಡನೇ ಬೆಳೆಯ ಅತ್ತೆ

ನಮ್ಮ ಸೋದರತ್ತೆಯನ್ನು ಕನ್ಯೆ ತೋರಿಸುವ ಮನೆಗೆ ಕರೆಯುವುದೂ ಒಂದೇ, ಕುದುರಿದ ಸಂಬಂಧವನ್ನು ಕೈಯಾರೆ ಕೆಡಿಸಿಕೊಳ್ಳುವುದೂ ಒಂದೇ! ಹಾಗಂತ ಕರೆಯದಿದ್ದರೆ ಬಿಡುತ್ತಾಳೆಯೇ? ಗೊರೇಬಾಳದಿಂದ ಬಸ್ಸು ಬದಲಿಸಿ ಬದಲಿಸಿ ಬಂದು, ಉಪ್ಪಿಟ್ಟು-ಶಿರಾಕ್ಕಿಂತ ಮೊದಲೇ ಪಡಸಾಲೆಯಲ್ಲಿ ಹಾಜರಿರುತ್ತಾಳೆ.

ಹೊಲ, ಬಂಗಾರ ಅವಳು ಕೇಳುವವಳಲ್ಲ. ಗಂಡಿನ ಅಪ್ಪನಿಗೆ ಅವಳದು ಒಂದೇ ಪ್ರಶ್ನೆ: "ನಿಮ್ಮ ಮನ್ಯಾಗ ಎರಡನೇ ಬೆಳಿ ಹೆಂಗೈತ್ರಿ?"

ಕಾಲುವೆ ಸೀಮೆಯಲ್ಲಿ ಈ ಮಾತು ಕೇಳಿದರೆ ಬೇಸಿಗೆ ಭತ್ತ ಬಿಟ್ಟು ಇನ್ನೇನು ಹೊಳೆದೀತು? ಅಲ್ಲಿ ಮೇಲಿನ ಹೊಲದವರಿಗೆ ನೀರು, ಕೊನೆಯ ಹೊಲದವರಿಗೆ ಕಾಯುವುದೇ ಬೇಸಾಯ.

ನನ್ನನ್ನು ನೋಡಲು ಮಸ್ಕಿ ಕಡೆಯಿಂದ ಮುದಗಲ್ಲಿನ ನಮ್ಮ ಮನೆಗೆ ಬಂದ ಗಂಡಿನ ಕಡೆಯ ಹಿರಿಯರೂ ಪಾಪ, ಹೀಗೇ ಸಿಕ್ಕಿಬಿದ್ದರು. ಆಗಷ್ಟೇ ನನ್ನ ಪಿಯುಸಿ ಮುಗಿದಿತ್ತು. ಲಿಂಗಸುಗೂರಿಗೆ ಡಿಗ್ರಿಗೆ ಹೋಗುತ್ತೇನೆಂದು ನಾನು ಅತ್ತು ಕರೆದರೂ ಓದಿದ್ದು ಸಾಕೆಂದು ಅಪ್ಪ ಪಟ್ಟು ಹಿಡಿದಿದ್ದ.

"ನೀರು ಬಿಟ್ರ ಸೋನಾ ಮಸೂರಿ ಹಚ್ಚೂದರೀ" ಎಂದರು ಹಿರಿಯರು, ಹಿಗ್ಗಿನಿಂದ.

"ಭತ್ತ ಅಲ್ಲರೀ. ಗಂಡುಮಕ್ಕಳ ಓದು ಒಂದನೇ ಬೆಳಿ, ಹೆಣ್ಣುಮಕ್ಕಳ ಓದು ಎರಡನೇ ಬೆಳಿ. ಎರಡೂ ಬಂದ್ರ ಊರು ಉದ್ಧಾರ."

ಅವರ ಮನೆಯ ಹೆಣ್ಣುಮಕ್ಕಳು ಯಾರೂ ಹೈಸ್ಕೂಲಿನ ಮೆಟ್ಟಿಲು ಹತ್ತಿರಲಿಲ್ಲವಂತೆ. ಹಿರಿಯರು ಶಿರಾ ಅರ್ಧಕ್ಕೇ ಬಿಟ್ಟು ಎದ್ದರು. ಶಿರಾ ನನ್ನ ಪಾಲಿಗೆ ಬಂತು!

ಅಪ್ಪ ಕೆಂಡಾಮಂಡಲವಾದ. ಅತ್ತೆ ತನ್ನ ಈ ತಮ್ಮನ ಹತ್ತಿರ ಬಂದು ಮೆಲ್ಲಗೆ ಹೇಳಿದಳು: "ನಿನ್ನ ಹೊಲಕ್ಕ ನೀರು ಹರೀಲಂತ ನನ್ನ ತೂಬು ಮುಚ್ಚಿದ್ರು. ಈಕಿದೂ ಮುಚ್ತೀಯೇನು?"

ಅಪ್ಪನನ್ನು ಓದಿಸಬೇಕೆಂದು ಅತ್ತೆಯ ಶಾಲೆಯನ್ನು ಏಳನೇ ಇಯತ್ತೆಗೇ ಬಿಡಿಸಿದ್ದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರೂ ಆಡುತ್ತಿರಲಿಲ್ಲ. ಅಪ್ಪ ತಲೆ ತಗ್ಗಿಸಿದ. ಮರುವಾರ ಅವನೇ ನನ್ನನ್ನು ಲಿಂಗಸುಗೂರಿನ ಬಸ್ಸು ಹತ್ತಿಸಿದ.

ಈಗ ನಾನು ಸಿಂಧನೂರಿನಲ್ಲಿ ಅರ್ಥಶಾಸ್ತ್ರ ಕಲಿಸುತ್ತೇನೆ. ಹೆಣ್ಣು-ಗಂಡಿನ ಓದಿನಿಂದ ಬಡ ದೇಶಗಳು ಹೇಗೆ ಬೆಳೆಯುತ್ತವೆ ಎಂಬ ಪಾಠ ಬಂದಾಗಲೆಲ್ಲ ಬೋರ್ಡಿನ ತುಂಬ ಗೆರೆ ಎಳೆದು ಬೆವರುತ್ತೇನೆ. ಇಷ್ಟನ್ನೇ ಅಲ್ಲವೇ ಅತ್ತೆ ಶಿರಾ ತಟ್ಟೆಯ ಮುಂದೆ ಒಂದು ಉಸಿರಿನಲ್ಲಿ ಹೇಳಿದ್ದು ಎಂದು ನೆನೆದು ದಂಗಾಗುತ್ತೇನೆ.

ಮೊನ್ನೆ ಅದೇ ಪಾಠದ ದಿನ ಅತ್ತೆ ಕಾಲೇಜಿಗೇ ಬಂದುಬಿಟ್ಟಳು! ಮುಂದೆ ಕುರ್ಚಿ ಹಾಕಿಸಿದರೆ ಒಲ್ಲೆನೆಂದು ಕೊನೆಯ ಬೆಂಚಿನಲ್ಲಿ, ಹುಡುಗಿಯರ ನಡುವೆ, ಸೆರಗು ಹೊದ್ದು ಕುಳಿತಳು. ಪಾಠ ಮುಗಿಯುವವರೆಗೆ ಅಲುಗಲಿಲ್ಲ.

ಗಂಟೆ ಹೊಡೆದ ಮೇಲೆ ಹತ್ತಿರ ಹೋಗಿ, ತಿಳಿಯಿತೇ ಎಂದು ಕೇಳಿದೆ. ಬೆಂಚನ್ನು ಸವರುತ್ತಿದ್ದ ಅವಳ ಕಣ್ಣು ತುಂಬಿತ್ತು.

"ಕೊನೀ ಹೊಲಕ್ಕ ನೀರು ಮುಟ್ಟಿತು ನೋಡವ್ವಾ" ಎಂದಳು.